450 ಕೋಟಿನಾ, 65 ಕೋಟಿನಾ? ಕಬ್ಬಿಣದ ಉಲ್ಕೆಗೆ ಎರಡು ವಯಸ್ಸು ಯಾಕೆ

ದುರ್ಗದ ಮೇಷ್ಟ್ರು · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಶನಿವಾರ ಒಂಬತ್ತನೇ ಕ್ಲಾಸಿನಲ್ಲಿ ಉಲ್ಕೆಗಳ ಚಾರ್ಟ್ ತೂಗುಹಾಕಿದ್ದೆ. ಅದರಲ್ಲಿ ಒಂದು ಕಬ್ಬಿಣದ ಉಲ್ಕೆ. ಕೆಳಗೆ ಒಂದು ಸಾಲಿನಲ್ಲಿ "ವಯಸ್ಸು 450 ಕೋಟಿ ವರ್ಷ" ಅಂತ ಇತ್ತು. ಅದರ ಕೆಳಗೇ "ಕಾಸ್ಮಿಕ್ ಕಿರಣದ ವಯಸ್ಸು 65 ಕೋಟಿ ವರ್ಷ" ಅಂತ ಇನ್ನೊಂದು ಸಾಲು. ಎರಡನೆಯದನ್ನು ಓದದೆ ಮುಂದಕ್ಕೆ ಹೋದೆ. ನಿಜ ಹೇಳಬೇಕು ಅಂದರೆ ನನಗೇ ಗೊತ್ತಿರಲಿಲ್ಲ. ಹಿಂದಿನ ಬೆಂಚಿನ ಹುಡುಗಿ ಬಿಡಲಿಲ್ಲ. "ಸಾರ್, ಒಂದೇ ಕಲ್ಲಿಗೆ ಎರಡು ಹುಟ್ಟಿದಬ್ಬ ಹೆಂಗೆ?" ಅಂದಳು. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಉತ್ತರ ಮಾತ್ರ ಕೊಡಲಿಲ್ಲ.

ಮನೆಗೆ ಬಂದು ಹುಡುಕಿದರೆ ಹೀಲಿಯಂ-3, ನಿಯಾನ್-21, ಆರ್ಗಾನ್-38 ಅಂತೆಲ್ಲ ಬಂತು. ಕಬ್ಬಿಣದ ಗಟ್ಟಿಯೊಳಗೆ ಬಲೂನಿಗೆ ತುಂಬುವ ಗಾಳಿಗೆ ಏನು ಕೆಲಸ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಬೆಣ್ಣೆ ಜಾಸ್ತಿ · ಸೋಮವಾರ, ರಾತ್ರಿ 9:52

ಹುಡುಗಿಗೆ ನನ್ನ ಕಡೆಯಿಂದ ಒಂದು ದಾವಣಗೆರೆ ಬೆಣ್ಣೆ ದೋಸೆ ಸರ್. ಲ್ಯಾಬ್ ತಾತ ಬರುವ ತನಕ ಕಾಯಿರಿ. ನಿದ್ದೆ ಮಾಡಿಲ್ಲದಿದ್ದರೆ ಬರುತ್ತಾರೆ.

ಲ್ಯಾಬ್ ತಾತ · ಸೋಮವಾರ, ರಾತ್ರಿ 10:31

ಎದ್ದೇ ಇದ್ದೀನಪ್ಪ. ಈ ವಯಸ್ಸಿಗೆ ನಿದ್ದೆ ಎಲ್ಲಿಂದ ಬರಬೇಕು.

ಮೇಷ್ಟ್ರೇ, ಹುಡುಗಿಯ ಪ್ರಶ್ನೆ ಸರಿಯಾಗಿದೆ. ಒಬ್ಬ ರೈತನಿಗೆ 60 ವರ್ಷ ಅಂತಿಟ್ಟುಕೊಳ್ಳಿ. 20 ವರ್ಷ ಮನೆಯೊಳಗೆ ಮಗ್ಗದ ಮುಂದೆ ಕೂತಿದ್ದ. ಆಮೇಲೆ 40 ವರ್ಷ ಹೊಲದಲ್ಲಿ ದುಡಿದ. ಅವನ ಬೆನ್ನಿನ ಬಣ್ಣ ನೋಡಿದರೆ 40 ವರ್ಷದ ಲೆಕ್ಕ ಸಿಗುತ್ತದೆ, 60ರದ್ದಲ್ಲ. 65 ಕೋಟಿ ಅಂದರೆ ಆ ಕಬ್ಬಿಣ ಬಿಸಿಲಿಗೆ ಬಿದ್ದ ಕಾಲ. ಬಿಸಿಲು ಸೂರ್ಯನದ್ದಲ್ಲ. ನಮ್ಮ ಹಾಲುಹಾದಿಯ ದೂರದ ಮೂಲೆಗಳಿಂದ ಬರುವ ಕಾಸ್ಮಿಕ್ ಕಿರಣಗಳದ್ದು.

ಅದಕ್ಕೂ ಮುಂಚೆ ಆ ಕಬ್ಬಿಣ ಎಲ್ಲಿತ್ತು? ಒಂದು ಸಣ್ಣ ಗ್ರಹದಂಥ ಕಾಯದ ಹೊಟ್ಟೆಯಲ್ಲಿ. ಕಾಯ ಕರಗಿದಾಗ ಭಾರವಾದ ಕಬ್ಬಿಣ, ನಿಕ್ಕಲ್ ಒಳಗೆ ಇಳಿದವು. ಮೇಲೆ ಕಿಲೋಮೀಟರ್‌ಗಟ್ಟಲೆ ಕಲ್ಲು. ಈ ಕಿರಣಗಳು ಕಲ್ಲಿನಲ್ಲಾಗಲಿ ಲೋಹದಲ್ಲಾಗಲಿ ಒಂದೆರಡು ಮೀಟರ್ ದಾಟುವುದರೊಳಗೆ ಸೊರಗಿ ಹೋಗುತ್ತವೆ. ಹಾಗಾಗಿ ಒಳಗಿನ ಕಬ್ಬಿಣಕ್ಕೆ ಏನೂ ತಾಗಲಿಲ್ಲ. 380 ಕೋಟಿ ವರ್ಷಕ್ಕೂ ಜಾಸ್ತಿ ಕಾಲ ಕತ್ತಲಲ್ಲಿ ಮಲಗಿತ್ತು. ಒಂದು ದಿನ ಇನ್ನೊಂದು ಕಾಯ ಬಂದು ಗುದ್ದಿತು. ಕಬ್ಬಿಣ ತುಂಡಾಗಿ ಬಯಲಿಗೆ ಬಂತು. ಕಿರಣದ ಗಡಿಯಾರ ಶುರುವಾಗಿದ್ದು ಅವತ್ತು.

ಗಾಳಿಯ ವಿಷಯ ನಾಳೆ ಬರೆಯುತ್ತೇನೆ. ಟೈಪ್ ಮಾಡಿ ಬೆರಳು ನೋಯುತ್ತಿದೆ.

ಹೊಳಲ್ಕೆರೆ ಅಡಿಕೆ · ಮಂಗಳವಾರ, ಬೆಳಿಗ್ಗೆ 6:15

ಗುರುಗಳೇ, ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬೇಡಿ. ತೋಟದಲ್ಲಿ ಕೃಷಿಹೊಂಡ ತೆಗೆಸುವಾಗ ಜೆಸಿಬಿ ಬಾಯಿಗೆ ಒಂದು ಕಪ್ಪು ಗುಂಡು ಸಿಕ್ಕಿದೆ. ಆರು ಕೆಜಿ ತೂಗುತ್ತದೆ. ಮೇಲೆಲ್ಲ ತುಕ್ಕು. ಅಯಸ್ಕಾಂತ ಹಿಡಿದರೆ ಸ್ವಲ್ಪ ಅಂಟುತ್ತದೆ. ಊರಲ್ಲಿ ಸಿಡಿಲು ಬಿದ್ದ ಕಬ್ಬಿಣ ಅಂತಿದ್ದಾರೆ. ನಿನ್ನೆ ಇಬ್ಬರು ಕಾರಲ್ಲಿ ಬಂದು ಅಕ್ಕಿ ಹಿಡಿದು ನೋಡಿದರು. ಅಕ್ಕಿ ಎಳೆದರೆ ಲಕ್ಷಗಟ್ಟಲೆ ಕೊಡುತ್ತಾರಂತೆ. ಪರೀಕ್ಷೆ ಖರ್ಚಿಗೆ ಮೊದಲು ನಾನು 20 ಸಾವಿರ ಕೊಡಬೇಕಂತೆ. ಏನ್ ಮಾಡಲಿ?

ಲೇತ್ ಅಂಗಡಿ · ಮಂಗಳವಾರ, ಬೆಳಿಗ್ಗೆ 6:40

ಒಂದು ರೂಪಾಯಿನೂ ಕೊಡಬೇಡ ಮಾರಾಯ. ಅದು ರೈಸ್ ಪುಲ್ಲರ್ ಮೋಸ. ನಮ್ಮ ಅಂಗಡಿ ಪಕ್ಕದವರೊಬ್ಬರು ತಾಮ್ರದ ಚೊಂಬಿಗೆ ಇದೇ ಥರ ದುಡ್ಡು ಕಳಕೊಂಡು ಇವತ್ತಿಗೂ ಹೆಂಡತಿ ಮುಂದೆ ಬಾಯಿ ಬಿಡಲ್ಲ. ಅಕ್ಕಿ ಎಳೆಯುವ ಲೋಹ ಯಾವುದೂ ಇಲ್ಲ. ಮತ್ತೆ ಬಂದರೆ ಪೊಲೀಸರಿಗೆ ಫೋನ್ ಮಾಡು.

ಜೋಗಿಮಟ್ಟಿ ಟೆಲಿಸ್ಕೋಪು · ಮಂಗಳವಾರ, ಬೆಳಿಗ್ಗೆ 7:05

ಅಡಿಕೆ ಅಣ್ಣಾ, ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬಚ್ಚಲಿಗೆ ಹಾಕಿ ಮಿಕ್ಕಿದ ಟೈಲ್ಸ್ ಇರುತ್ತಲ್ವಾ? ಅದರ ಹಿಂಬದಿಯ ಒರಟು ಕಡೆ ಗುಂಡನ್ನು ಜೋರಾಗಿ ಉಜ್ಜಿ. ಕೆಂಪು ಗೆರೆ ಬಂದರೆ ಹೆಮಟೈಟ್ ಅದಿರು. ಕಪ್ಪು ಗೆರೆ ಬಂದರೆ ಮ್ಯಾಗ್ನಟೈಟ್. ಭೀಮಸಮುದ್ರದ ಕಡೆ ಗುಡ್ಡವೆಲ್ಲ ಕಬ್ಬಿಣದ ಅದಿರೇ, ಹೊಳಲ್ಕೆರೆ ಸೀಮೆಯಲ್ಲಿ ಕಪ್ಪು ಕಲ್ಲು ಸಿಗುವುದು ಆಶ್ಚರ್ಯವಲ್ಲ. ಉಲ್ಕೆಯ ಲೋಹ ಸಾಮಾನ್ಯವಾಗಿ ಗೆರೆ ಬಿಡಲ್ಲ. ಆಮೇಲೆ ಒಂದು ಮೂಲೆಯನ್ನು ಅರದಲ್ಲಿ ಉಜ್ಜಿ ನೋಡಿ, ಒಳಗೆ ಬೆಳ್ಳಿಯಂಥ ಹೊಳಪು ಇದೆಯಾ? ತೂತುಗಳಿವೆಯಾ?

ಹೊಳಲ್ಕೆರೆ ಅಡಿಕೆ · ಮಂಗಳವಾರ, ಬೆಳಿಗ್ಗೆ 7:20

ಅರ ಇಲ್ಲ. ಕುಲುಮೆಗೆ ಹಾಕಿ ಕಾಸಿ ಬಡಿಸಿದರೆ ಗೊತ್ತಾಗಲ್ವಾ?

ಲ್ಯಾಬ್ ತಾತ · ಮಂಗಳವಾರ, ಬೆಳಿಗ್ಗೆ 7:22

ಬೇಡ! ಕಾಸಬೇಡ ತಮ್ಮಾ. ಅದು ನಿಜವಾಗಲೂ ಉಲ್ಕೆಯಾಗಿದ್ದರೆ ಒಳಗಿನ ಗಾಳಿ ಹೋಗಿಬಿಡುತ್ತದೆ. ನಾವು ಮಾತಾಡುತ್ತಿರುವ ಕಥೆಯೆಲ್ಲ ಆ ಗಾಳಿಯಲ್ಲೇ ಇರುವುದು. ಎತ್ತಿ ಒಣಗಿದ ಜಾಗದಲ್ಲಿ ಇಡು.

ಮೇಷ್ಟ್ರೇ, ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಾಫಿ ಆಯಿತು.

ಕಾಸ್ಮಿಕ್ ಕಿರಣ ಅಂದರೆ ಹೆಚ್ಚಿನವು ಪ್ರೋಟಾನ್‌ಗಳು. ಒಂದೊಂದಕ್ಕೆ 100 ಕೋಟಿ ಎಲೆಕ್ಟ್ರಾನ್ ವೋಲ್ಟ್, ಅದಕ್ಕಿಂತ ಜಾಸ್ತಿ ಶಕ್ತಿಯೂ ಇರುತ್ತದೆ. ಕಬ್ಬಿಣದ ನ್ಯೂಕ್ಲಿಯಸ್‌ನಲ್ಲಿ 26 ಪ್ರೋಟಾನ್, 30 ನ್ಯೂಟ್ರಾನ್, ಒಟ್ಟು 56. ಒಂದೊಂದನ್ನು ಹಿಡಿದಿಟ್ಟ ಶಕ್ತಿ ಸುಮಾರು 88 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಬಂದ ಏಟಿನ ಮುಂದೆ ಅದು ಏನೂ ಅಲ್ಲ. ದೇವಸ್ಥಾನದ ಮುಂದೆ ಈಡುಗಾಯಿ ಒಡೆಯುವುದು ನೋಡಿದ್ದೀರಲ್ಲ? ಸಣ್ಣ ಚೂರು ದೂರ ಹಾರುತ್ತವೆ. ದೊಡ್ಡ ಹೋಳು ಅಲ್ಲೇ ಬೀಳುತ್ತದೆ. ಹಾರಿದ ಸಣ್ಣ ಚೂರುಗಳಲ್ಲಿ ಹೀಲಿಯಂ-3, ಹೀಲಿಯಂ-4 ಇರುತ್ತವೆ (ಹೆಸರಿನ ಮುಂದಿನ ಅಂಕಿ ಅಂದರೆ ಪ್ರೋಟಾನ್, ನ್ಯೂಟ್ರಾನ್ ಎರಡೂ ಸೇರಿದ ಲೆಕ್ಕ). ಬಿದ್ದ ಹೋಳುಗಳಲ್ಲಿ ಕೆಲವು ಆರ್ಗಾನ್-38. ಅಂದರೆ 56ರಲ್ಲಿ 18 ಉದುರಿ ಉಳಿದದ್ದು. ಏಟು ಬಹಳ ಜೋರಾಗಿದ್ದರೆ 35 ಉದುರಿ ನಿಯಾನ್-21 ಉಳಿಯುತ್ತದೆ. ಬಲೂನಿನ ಗಾಳಿ ಹೊರಗಿನಿಂದ ಒಳಗೆ ಹೋಗಿದ್ದಲ್ಲ. ಕಬ್ಬಿಣವೇ ಒಡೆದು ಗಾಳಿಯಾಗಿದೆ.

ಒಡೆದಾಗ ಮ್ಯಾಂಗನೀಸ್, ಕ್ರೋಮಿಯಂ ಕೂಡ ಆಗುತ್ತವೆ. ಅವೇ ಜಾಸ್ತಿ. ಆದರೂ ಎಲ್ಲರೂ ಹೀಲಿಯಂ, ನಿಯಾನ್, ಆರ್ಗಾನ್‌ನಂಥ ಜಡಾನಿಲಗಳ ಹಿಂದೆ ಯಾಕೆ ಬೀಳುತ್ತಾರೆ? ತುಂಗಭದ್ರೆಗೆ ಒಂದು ಚಿಟಿಕೆ ಉಪ್ಪು ಹಾಕಿದರೆ ಯಾರಿಗೂ ಗೊತ್ತಾಗಲ್ಲ. ಒಂದು ಲೋಟ ನೀರಿಗೆ ಹಾಕಿದರೆ ನಾಲಿಗೆಗೆ ತಾಗುತ್ತದೆ. ಜಡಾನಿಲ ಯಾವುದರ ಜೊತೆಗೂ ಸೇರಲ್ಲ. ಕರಗಿದ ಲೋಹ ಗಟ್ಟಿಯಾದಾಗ ಅದರಲ್ಲಿ ಈ ಗಾಳಿಗಳು ಇರಲಿಲ್ಲ ಅಂತಲೇ ಹೇಳಬಹುದು. ಆಮೇಲೆ ಹುಟ್ಟಿದ ಒಂದೊಂದು ಪರಮಾಣುವೂ ಎದ್ದು ಕಾಣುತ್ತದೆ.

ದುರ್ಗದ ಮೇಷ್ಟ್ರು · ಮಂಗಳವಾರ, ಮಧ್ಯಾಹ್ನ 1:30

ತಾತಾ, ಈಡುಗಾಯಿ ಉದಾಹರಣೆ ಇವತ್ತೇ ಹೇಳಿದೆ. ಆ ಹುಡುಗಿ ಹೆಸರು ಸದ್ಯಕ್ಕೆ "ಹಿಂದಿನ ಬೆಂಚು" ಅಂತಲೇ ಇರಲಿ. ಅವಳ ಮುಂದಿನ ಪ್ರಶ್ನೆ: "ಹೀಲಿಯಂ ನಮ್ಮ ಗಾಳಿಯಲ್ಲೂ ಇದೆ ಅಲ್ವಾ ಸಾರ್, ಇದು ಅದೇ ಅಲ್ಲ ಅಂತ ಹೆಂಗೆ ಗೊತ್ತು?"

ಲ್ಯಾಬ್ ತಾತ · ಮಂಗಳವಾರ, ಮಧ್ಯಾಹ್ನ 2:10

ಅವಳನ್ನು ಒಂದು ದಿನ ನನ್ನ ಹತ್ತಿರ ಕಳಿಸಿ.

ಅನುಪಾತದಿಂದ ಗೊತ್ತಾಗುತ್ತದೆ. ನಮ್ಮ ಗಾಳಿಯಲ್ಲಿ ಸುಮಾರು 7 ಲಕ್ಷ ಹೀಲಿಯಂ-4ಕ್ಕೆ ಒಂದು ಹೀಲಿಯಂ-3. ಕಬ್ಬಿಣದ ಉಲ್ಕೆಯಲ್ಲಿ ನಾಲ್ಕಕ್ಕೆ ಹತ್ತಿರಹತ್ತಿರ ಒಂದು. ನಿಯಾನ್‌ನಲ್ಲೂ ಹಾಗೇ. ಗಾಳಿಯಲ್ಲಿ ನಿಯಾನ್-20, ನಿಯಾನ್-22ರ ಹತ್ತು ಪಟ್ಟಿನಷ್ಟು ಇರುತ್ತದೆ. ಕಿರಣ ಹುಟ್ಟಿಸಿದ ನಿಯಾನ್‌ನಲ್ಲಿ 20, 21, 22 ಮೂರೂ ಹೆಚ್ಚುಕಡಿಮೆ ಸಮ. ಗಾಳಿಯಲ್ಲಿ ಆರ್ಗಾನ್-36 ಎಂಬುದು 38ರ ಐದು ಪಟ್ಟಿಗಿಂತ ಜಾಸ್ತಿ. ಇಲ್ಲಿ ಉಲ್ಟಾ, 38ನೇ ಜಾಸ್ತಿ. ಇಂಥ ಸಹಿ ಬೇರೆ ಯಾರೂ ಹಾಕಲ್ಲ.

ಅಳೆಯುವುದು ಮಾತ್ರ ಹರಸಾಹಸ. ಸಾಸಿವೆ ಕಾಳಿನಷ್ಟು, ಕಡಲೆ ಕಾಳಿನಷ್ಟು ತುಂಡು ತಗೊಳ್ಳುತ್ತೇವೆ. ನಿರ್ವಾತದಲ್ಲಿ 1700 ಡಿಗ್ರಿ ದಾಟಿಸಿ ಪೂರ್ತಿ ಕರಗಿಸುತ್ತೇವೆ. ಹೊರಬಂದ ಗಾಳಿಯನ್ನು ಕಾದ ಟೈಟಾನಿಯಂ ಮೇಲೆ ಬಿಟ್ಟರೆ ಆಮ್ಲಜನಕ, ಸಾರಜನಕ ಎಲ್ಲ ಅದಕ್ಕೆ ಕಚ್ಚಿಕೊಳ್ಳುತ್ತವೆ. ಯಾರನ್ನೂ ಕಚ್ಚದವರು ಉಳಿಯುತ್ತಾರೆ. ಅವರಲ್ಲೂ ಆರ್ಗಾನ್ ಅನ್ನು ದ್ರವ ಸಾರಜನಕದಲ್ಲಿ ತಣ್ಣಗಾದ ಇದ್ದಿಲ ಮೇಲೆ ಹಿಡಿದಿಟ್ಟು, ಹೀಲಿಯಂ, ನಿಯಾನ್‌ಗಳನ್ನು ಮೊದಲು ಮಾಸ್ ಸ್ಪೆಕ್ಟ್ರೋಮೀಟರಿಗೆ, ಅಂದರೆ ಪರಮಾಣುಗಳನ್ನು ತೂಕದ ಮೇಲೆ ವಿಂಗಡಿಸುವ ಯಂತ್ರಕ್ಕೆ, ಬಿಡುತ್ತೇವೆ. ಆಗಲೂ ಕಳ್ಳಾಟ ಇದೆ. ಆರ್ಗಾನ್-40 ಎರಡು ಎಲೆಕ್ಟ್ರಾನ್ ಕಳಕೊಂಡರೆ ಯಂತ್ರಕ್ಕೆ ಅದು ನಿಯಾನ್-20ರ ಥರ ಕಾಣುತ್ತದೆ. ಬಯಲಾಟದಲ್ಲಿ ನಮ್ಮೂರಿನ ಗೌಡರು ದ್ರೌಪದಿ ಆದ ಹಾಗೆ. ಮೀಸೆ ಎಲ್ಲಿ ಅಂತ ಹುಡುಕಬೇಕು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಬೇರೆ ರಾಜ್ಯದ ಲ್ಯಾಬ್‌ನಲ್ಲಿದ್ದಾಗ ಹಳೆಯ ಗ್ಯಾಸ್ಕೆಟ್ಟನ್ನೇ ಇನ್ನೊಂದು ಸಲ ಹಾಕಿದೆ, ಜಿಪುಣತನ. ಕೂದಲೆಳೆಯಷ್ಟು ಸೋರಿಕೆ. ರಾತ್ರಿ ಮೂರು ಗಂಟೆಗೆ ನಿಯಾನ್-20 ಏರುತ್ತಾ ಹೋಯಿತು. ತುಂಡು ಕರಗಿಯಾಗಿತ್ತು. ಮತ್ತೆ ಸಿಗುವಂಥದ್ದಲ್ಲ. 15 ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಬೆಣ್ಣೆ ಜಾಸ್ತಿ · ಮಂಗಳವಾರ, ಸಂಜೆ 5:45

ತಾತಾ, ಎಂಜಿನಿಯರಿಂಗ್ ತಲೆಗೆ ಒಂದು ಡೌಟು. ಎಷ್ಟು ಗಾಳಿ ಸೇರಿದೆ ಅಂತ ಗೊತ್ತಾಯಿತು. ವರ್ಷಕ್ಕೆ ಎಷ್ಟು ಸೇರುತ್ತದೆ ಅಂತ ಗೊತ್ತಿಲ್ಲದೆ ವಯಸ್ಸು ಹೆಂಗೆ ಬರುತ್ತದೆ? ಮೇಲಿನ ಪದರಕ್ಕೆ ಜಾಸ್ತಿ ಏಟು, ಒಳಗೆ ಕಡಿಮೆ ಅಲ್ವಾ?

ಎಣ್ಣೆಗಾಣ · ಮಂಗಳವಾರ, ಸಂಜೆ 6:30

ಚಳ್ಳಕೆರೆಯಿಂದ ನಾನು. ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ, ಆದರೆ ಉಲ್ಕೆ ನನ್ನ ವಿಷಯವಲ್ಲ, ಓದಿದ್ದು ಅಷ್ಟೇ. ತಪ್ಪಿದ್ದರೆ ತಾತ ಬೈಯಲಿ.

ನಿಮ್ಮ ಡೌಟೇ ಇದರ ಜೀವಾಳ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸಿಕ್ಕ ಗ್ರಾಂಟ್ ಎಂಬ ಕಬ್ಬಿಣದ ಉಲ್ಕೆ ಇದೆ. ಅದರಿಂದ ಒಂದು ಹಲಗೆ ಕೊಯ್ದು, ಅದರ ಬೇರೆಬೇರೆ ಜಾಗದಲ್ಲಿ ಹೀಲಿಯಂ ಅಳೆದರು. 1958ರಲ್ಲಿ ಹಾಫ್‌ಮನ್ ಮತ್ತು ನಿಯರ್ ಅದನ್ನು ಪ್ರಕಟಿಸಿದರು. ಸಮ ಹೀಲಿಯಂ ಇರುವ ಜಾಗಗಳನ್ನು ಗೆರೆಯಿಂದ ಸೇರಿಸಿದರೆ ಒಂದರೊಳಗೊಂದು ಸುತ್ತು ಬಂತು. ನಮ್ಮ ಏಳುಸುತ್ತಿನ ಕೋಟೆಯ ನಕ್ಷೆ ನೋಡಿದ ಹಾಗೆ. ಹೊರಸುತ್ತಿನಲ್ಲಿ ಹೀಲಿಯಂ ಜಾಸ್ತಿ, ಒಳಗೊಳಗೆ ಹೋದಂತೆ ಕಡಿಮೆ. ಮಜಾ ಏನೆಂದರೆ, ಆ ಸುತ್ತುಗಳು ಉಲ್ಕೆಯ ಈಗಿನ ಆಕಾರವನ್ನಲ್ಲ, ವಾತಾವರಣದಲ್ಲಿ ಉರಿಯುವ ಮುಂಚಿನ ಆಕಾರವನ್ನು ತೋರಿಸುತ್ತವೆ. ಹೊರಕೋಟೆ ಬಿದ್ದುಹೋದರೂ ಒಳಕೋಟೆ ನೋಡಿ ಹೊರಗಿನದು ಎಲ್ಲಿತ್ತು ಅಂತ ಊಹಿಸಬಹುದು.

ಎಲ್ಲ ಉಲ್ಕೆಯನ್ನೂ ಹೀಗೆ ಕೊಯ್ಯಲಾಗಲ್ಲ. ಒಂದೇ ತುಂಡಿನಲ್ಲಿ ಆಳ ತಿಳಿಯಲು ಇನ್ನೊಂದು ದಾರಿ ಇದೆ. ನಿಯಾನ್-21 ಆಗಬೇಕಾದರೆ 35 ಉದುರಬೇಕು, ಅದಕ್ಕೆ ಭಾರಿ ಏಟು ಬೇಕು. ಹೀಲಿಯಂ ಹಾರಿಸಲು ಸಣ್ಣ ಏಟೂ ಸಾಕು. ಕಿರಣ ಒಳಗೆ ಹೋಗ್ತಾ ಹೋಗ್ತಾ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಆಳದಲ್ಲಿ ನಿಯಾನ್ ಬೇಗ ಕಡಿಮೆಯಾಗುತ್ತದೆ, ಹೀಲಿಯಂ ನಿಧಾನಕ್ಕೆ. ಒಂದು ನಿಯಾನ್-21ಕ್ಕೆ ಹೀಲಿಯಂ-4 ಇನ್ನೂರಿದ್ದರೆ ಮೇಲ್ಪದರ, ನಾನೂರರ ಹತ್ತಿರವಿದ್ದರೆ ಒಳಮನೆ.

ಲ್ಯಾಬ್ ತಾತ · ಮಂಗಳವಾರ, ಸಂಜೆ 7:00

ಬೈಯಲ್ಲ, ಚೆನ್ನಾಗಿ ಹೇಳಿದ್ದೀಯಮ್ಮ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಈ ಲೋಹದಲ್ಲಿ ಅಲ್ಲಲ್ಲಿ ಗಂಧಕ, ರಂಜಕ ಸೇರಿದ ಗಂಟುಗಳಿರುತ್ತವೆ. ಗಂಧಕದ 32ರಿಂದ 11 ಉದುರಿದರೆ ಸಾಕು, ನಿಯಾನ್-21 ಆಗಿಬಿಡುತ್ತದೆ. ನಿಮ್ಮ ತುಂಡಿನಲ್ಲಿ ಅಂಥ ಗಂಟು ಸಿಕ್ಕಿದರೆ ಲೆಕ್ಕ ಕೆಡುತ್ತದೆ. ನಿಯಾನ್-22 ಮತ್ತು 21ರ ಅನುಪಾತ ಸ್ವಲ್ಪ ಏರಿರುವುದನ್ನು ನೋಡಿ ಹಿಡಿಯುತ್ತಾರೆ.

ಹೀಲಿಯಂ-3ರಲ್ಲೂ ಒಂದು ಸೋರಿಕೆ. ಅದರಲ್ಲಿ ದೊಡ್ಡ ಪಾಲು ಮೊದಲು ಟ್ರಿಷಿಯಂ ಆಗಿ ಹುಟ್ಟುತ್ತದೆ. ಟ್ರಿಷಿಯಂ ಅಂದರೆ ಭಾರದ ಹೈಡ್ರೋಜನ್, ಅರ್ಧಾಯು (ಅಂದರೆ ಇದ್ದದ್ದರಲ್ಲಿ ಅರ್ಧ ಸಾಯಲು ಬೇಕಾದ ಕಾಲ) 12.3 ವರ್ಷ. ಹೀಲಿಯಂ ಆಗುವ ಮುಂಚೆ ಉಲ್ಕೆ ಸೂರ್ಯನ ಹತ್ತಿರ ಸುಳಿದು ಬಿಸಿಯಾಯಿತೋ, ಹೈಡ್ರೋಜನ್ ಲೋಹದಿಂದ ಜಾರಿಕೊಳ್ಳುತ್ತದೆ. ಹೀಲಿಯಂ-3 ಕಡಿಮೆ ಬಂತು ಅಂದ ಕೂಡಲೇ ವಯಸ್ಸು ಕಡಿಮೆ ಅನ್ನಬಾರದು.

ಎಣ್ಣೆಗಾಣ · ಮಂಗಳವಾರ, ರಾತ್ರಿ 8:15

ಇನ್ನು ವರ್ಷಕ್ಕೆ ಎಷ್ಟು ಅನ್ನುವುದು. ಕಿರಣದ ಏಟಿಗೆ ಕ್ಲೋರಿನ್-36 ಕೂಡ ಹುಟ್ಟುತ್ತದೆ. ಅದರ ಅರ್ಧಾಯು ಸುಮಾರು 3 ಲಕ್ಷ ವರ್ಷ. ಅದು ಸತ್ತು ಆರ್ಗಾನ್-36 ಆಗುತ್ತದೆ. ಈಗಿರುವ ಕ್ಲೋರಿನ್-36 ಒಳಹರಿವನ್ನು ಹೇಳುತ್ತದೆ, ಸೇರಿರುವ ಆರ್ಗಾನ್-36 ಕೆರೆಯ ನೀರಿನ ಮಟ್ಟ ಹೇಳುತ್ತದೆ. ಎರಡೂ ಒಂದೇ ತುಂಡಿನಲ್ಲಿ, ಒಂದೇ ಆಳದಲ್ಲಿ ಹುಟ್ಟಿದ್ದರಿಂದ ಆಳದ ತಲೆನೋವು ಬಹಳ ಮಟ್ಟಿಗೆ ತಪ್ಪುತ್ತದೆ.

ಆದರೆ ಒಂದು ತಕರಾರು ಉಳಿದಿದೆ. ಪೊಟ್ಯಾಸಿಯಂ-40 ಬಳಸಿ ವಯಸ್ಸು ತೆಗೆಯುವ ಇನ್ನೊಂದು ವಿಧಾನವನ್ನು ಜರ್ಮನಿಯಲ್ಲಿ ಫೋಸಾಗೆ ಎಂಬ ವಿಜ್ಞಾನಿ ಬೆಳೆಸಿದರು. ಅದರ ಅರ್ಧಾಯು ಸುಮಾರು 125 ಕೋಟಿ ವರ್ಷ. ಅದರಲ್ಲಿ ಬಂದ ವಯಸ್ಸುಗಳು ಕ್ಲೋರಿನ್ ಲೆಕ್ಕಕ್ಕಿಂತ ತುಂಬಾ ಜಾಸ್ತಿ, ಅನೇಕ ಸಲ ಒಂದೂವರೆ ಪಟ್ಟಿನ ಹತ್ತಿರ.

ಯಾಕೆ? ಮಾರಿಕಣಿವೆ ಡ್ಯಾಮ್ ನೆನಪು ಮಾಡಿಕೊಳ್ಳಿ. 1933ರಲ್ಲಿ ಕೋಡಿ ಬಿತ್ತು. ಆಮೇಲೆ ಕೋಡಿ ಬಿದ್ದಿದ್ದು 2022ರಲ್ಲಿ. 2022ರ ಒಳಹರಿವು ಮಾತ್ರ ನೋಡಿದವನು "ಇಷ್ಟು ಜೋರಾಗಿ ಬರುವುದಾದರೆ ಈ ಡ್ಯಾಮ್ ಒಂದೇ ಮಳೆಗಾಲದಲ್ಲಿ ತುಂಬಿರಬೇಕು" ಅನ್ನುತ್ತಾನೆ. ಕ್ಲೋರಿನ್ ಗೊತ್ತು ಮಾಡುವುದು ಕೊನೆಯ ಕೆಲವು ಲಕ್ಷ ವರ್ಷದ ಒಳಹರಿವು ಮಾತ್ರ. ಈಚೆಗೆ ಕಾಸ್ಮಿಕ್ ಕಿರಣ ಹಿಂದಿಗಿಂತ ಜಾಸ್ತಿ ಬೀಳುತ್ತಿದ್ದರೆ ಕ್ಲೋರಿನ್ ವಯಸ್ಸು ಕಡಿಮೆ ತೋರಿಸುತ್ತದೆ.

ಜೋಗಿಮಟ್ಟಿ ಟೆಲಿಸ್ಕೋಪು · ಮಂಗಳವಾರ, ರಾತ್ರಿ 8:40

ಅಕ್ಕಾ, ಅದಕ್ಕೇ ಅಲ್ವಾ ಸೂರ್ಯ ಹಾಲುಹಾದಿಯ ಸುರುಳಿ ತೋಳು ದಾಟುವಾಗೆಲ್ಲ ಕಿರಣ ಜಾಸ್ತಿ, ಹಿಮಯುಗ ಬಂತು ಅಂತ ಹೇಳುವುದು? ವಿಡಿಯೋ ನೋಡಿದ್ದೆ.

ಎಣ್ಣೆಗಾಣ · ಮಂಗಳವಾರ, ರಾತ್ರಿ 9:05

ಆ ವಾದವನ್ನು 2002ರಲ್ಲಿ ಶಾವಿವ್ ಎಂಬ ವಿಜ್ಞಾನಿ ಮುಂದಿಟ್ಟರು. ಕಬ್ಬಿಣದ ಉಲ್ಕೆಗಳ ವಯಸ್ಸು 14 ಕೋಟಿ ವರ್ಷಕ್ಕೊಮ್ಮೆ ಗುಂಪುಗೂಡುತ್ತವೆ ಅಂತ. ಕೇಳಲು ಸೊಗಸು. ಆದರೆ ಒಂದೇ ಡಿಕ್ಕಿಯಲ್ಲಿ ಒಡೆದ ಹತ್ತಾರು ತುಂಡುಗಳನ್ನು ಬೇರೆಬೇರೆ ಅಂತ ಎಣಿಸಿದರೆ ಗುಂಪು ತಾನಾಗಿಯೇ ಕಾಣುತ್ತದೆ. ಆಮೇಲೆ ಅಳತೆ ಜಾಸ್ತಿಯಾದಂತೆ ಆ ತಾಳ ಕೇಳಿಸದೇ ಹೋಯಿತು. ನನಗೆ ಆ ಕಥೆಯಲ್ಲಿ ನಂಬಿಕೆ ಇಲ್ಲ. ಒಂದೂವರೆ ಪಟ್ಟಿನ ತಕರಾರು ಮಾತ್ರ ಬೇರೆ, ಅದು ಅಷ್ಟು ಸುಲಭಕ್ಕೆ ಹೋಗಲ್ಲ.

ಲ್ಯಾಬ್ ತಾತ · ಮಂಗಳವಾರ, ರಾತ್ರಿ 9:30

ನಾನು ಅಷ್ಟು ಖಡಾಖಂಡಿತವಾಗಿ ಕಿರಣ ಜಾಸ್ತಿಯಾಯಿತು ಅನ್ನಲ್ಲ. ಉಲ್ಕೆ ಬಾಹ್ಯಾಕಾಶದಲ್ಲಿ ಎರಡು ಸಲ ಒಡೆದಿರಬಹುದು. ಮೊದಲು ಒಳಗಿದ್ದ ತುಂಡು ಆಮೇಲೆ ಹೊರಗೆ ಬಂದಿರುತ್ತದೆ. ಆಗ ಹಳೆಯ ನೀರು, ಹೊಸ ನೀರು ಎರಡೂ ಒಂದೇ ಕೆರೆಯಲ್ಲಿ. ಉತ್ಪತ್ತಿಯ ದರದಲ್ಲೇ ತಪ್ಪಿರಬಹುದು. ನಿನಗೆ ಮಾರಿಕಣಿವೆ ಇಷ್ಟ ಅಂತ ಪ್ರಕೃತಿ ಅದನ್ನೇ ಅನುಸರಿಸಬೇಕೆಂದಿಲ್ಲವಲ್ಲಮ್ಮ.

ಎಣ್ಣೆಗಾಣ · ಮಂಗಳವಾರ, ರಾತ್ರಿ 9:34

ಒಪ್ಪಿದೆ ತಾತಾ. ಅರ್ಧ ಒಪ್ಪಿದೆ.

ಚಂದ್ರವಳ್ಳಿ · ಬುಧವಾರ, ಬೆಳಿಗ್ಗೆ 8:10

ನಾನು ಇತಿಹಾಸದವಳು, ವಿಜ್ಞಾನದ ಗೋಡೆ ಹತ್ತಿ ನೋಡುತ್ತಿದ್ದೇನೆ. ಕಾಸುವ ಮಾತು ಬಂತಲ್ಲ, ಅದಕ್ಕೆ ಒಂದು ಕಥೆ. 1621ರ ಏಪ್ರಿಲ್‌ನಲ್ಲಿ ಜಲಂಧರದ ಹತ್ತಿರ ಆಕಾಶದಿಂದ ಕಬ್ಬಿಣ ಬಿತ್ತು. ಜಹಾಂಗೀರ್ ಬಾದಶಹ ಅದನ್ನು ತರಿಸಿಕೊಂಡು ಕತ್ತಿ ಮಾಡಿಸಲು ಕೊಟ್ಟ. ಸುತ್ತಿಗೆ ಏಟಿಗೆ ಅದು ನಿಲ್ಲದೆ ಪುಡಿಯಾಗುತ್ತಿತ್ತಂತೆ. ಮೂರು ಪಾಲು ಸಿಡಿಲಿನ ಕಬ್ಬಿಣಕ್ಕೆ ಒಂದು ಪಾಲು ಮಾಮೂಲಿ ಕಬ್ಬಿಣ ಬೆರೆಸಿ ಎರಡು ಕತ್ತಿ, ಒಂದು ಕಠಾರಿ, ಒಂದು ಚಾಕು ಮಾಡಿದರು ಅಂತ ಅವನೇ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಅದೇ ಲೋಹದ್ದು ಎಂಬ ಒಂದು ಚಾಕು ಈಗ ವಾಷಿಂಗ್ಟನ್‌ನ ಮ್ಯೂಸಿಯಂನಲ್ಲಿದೆ.

ತಾತಾ, ಅದರಲ್ಲಿ ಹೀಲಿಯಂ ಉಳಿದಿರುತ್ತದಾ?

ಲ್ಯಾಬ್ ತಾತ · ಬುಧವಾರ, ಬೆಳಿಗ್ಗೆ 8:45

ಕೆಂಪಗೆ ಕಾಸಿ ಬಡಿದ ಮೇಲೆ ಬಹುಪಾಲು ಹೋಗಿರುತ್ತದೆ ಮೇಡಂ. ಬಾದಶಹನಿಗೆ ಚಾಕು ಸಿಕ್ಕಿತು, ನಮಗೆ ಲೆಕ್ಕ ತಪ್ಪಿತು.

ಹೀಲಿಯಂ ಮಾತು ಬಂದಿದ್ದಕ್ಕೆ, ಈ ವಿದ್ಯೆ ಒಂದು ಎಡವಟ್ಟಿನಿಂದ ಹುಟ್ಟಿದ್ದು ಅಂತ ಹೇಳಲೇಬೇಕು. ವಿಯೆನ್ನಾದಲ್ಲಿ ಹುಟ್ಟಿದ ಪಾನೆಟ್ ಎಂಬ ರಸಾಯನ ವಿಜ್ಞಾನಿ 1920ರ ದಶಕದಿಂದ ಉಲ್ಕೆಗಳಲ್ಲಿ ಹೀಲಿಯಂ ಅಳೆಯುತ್ತಿದ್ದ. ಆ ಹೀಲಿಯಂ ಎಲ್ಲ ಯುರೇನಿಯಂ, ಥೋರಿಯಂನಿಂದ ಬಂತು ಅಂತ ಲೆಕ್ಕ ಹಾಕಿದ. ಕೆಲವು ಉಲ್ಕೆಗೆ 700 ಕೋಟಿ ವರ್ಷ ಬಂತು! ಸೌರಮಂಡಲಕ್ಕಿಂತ ಹಳೆಯದು. 20 ವರ್ಷದ ದುಡಿಮೆ. 1947ರಲ್ಲಿ ಬಾವರ್ ಎಂಬಾತ ಒಂದು ಮಾತು ಹೇಳಿದ: ಹೀಲಿಯಂ ಹುಟ್ಟಿಸುತ್ತಿರುವುದು ಕಾಸ್ಮಿಕ್ ಕಿರಣ ಇರಬಹುದಲ್ಲ? ದೊಡ್ಡ ಉಲ್ಕೆಗಳಲ್ಲಿ ಹೀಲಿಯಂ ಕಡಿಮೆ ಸಿಗುತ್ತಿತ್ತು. ಅದಕ್ಕೂ ಇದು ಹೊಂದುತ್ತಿತ್ತು. ಯುರೇನಿಯಂನಿಂದ ಬರುವುದು ಹೀಲಿಯಂ-4 ಮಾತ್ರ. ಹೀಲಿಯಂ-3 ಸಿಕ್ಕಿದರೆ ಬಾವರ್ ಹೇಳಿದ್ದು ಸರಿ. ಅದನ್ನು ಹುಡುಕಿ, ಬೇಕಾದಷ್ಟಿದೆ ಅಂತ 1952ರಲ್ಲಿ ತೋರಿಸಿದವರು ಯಾರು ಗೊತ್ತಾ? ಅದೇ ಪಾನೆಟ್ ಮತ್ತು ಅವನ ಜೊತೆಗಾರರು. ತನ್ನ 20 ವರ್ಷದ ಲೆಕ್ಕವನ್ನು ತಾನೇ ಒರೆಸಿದ. ನನಗೆ ಈ ಮನುಷ್ಯನ ಮೇಲೆ ಬಹಳ ಗೌರವ. ನಾನು ಒಂದು ಗ್ಯಾಸ್ಕೆಟ್‌ಗೆ 15 ದಿನ ಮುಖ ಊದಿಸಿಕೊಂಡಿದ್ದವನು.

ಚಂದ್ರವಳ್ಳಿ · ಬುಧವಾರ, ಬೆಳಿಗ್ಗೆ 9:00

1947 ಅಂದಿರಲ್ಲ. ಅದೇ ವರ್ಷ ಪುರಾತತ್ವಜ್ಞ ವೀಲರ್ ನಮ್ಮ ಚಂದ್ರವಳ್ಳಿ, ಬ್ರಹ್ಮಗಿರಿ ಅಗೆದಿದ್ದು. ಬ್ರಹ್ಮಗಿರಿಯ ಕಲ್ಗೋರಿಗಳಲ್ಲಿ ಕಬ್ಬಿಣದ ಆಯುಧ ಸಿಕ್ಕವು.

ಜೋಗಿಮಟ್ಟಿ ಟೆಲಿಸ್ಕೋಪು · ಬುಧವಾರ, ಬೆಳಿಗ್ಗೆ 9:12

ಅದೇ ವರ್ಷ ಫೆಬ್ರವರಿ 12ಕ್ಕೆ ರಷ್ಯಾದ ಸಿಖೋಟೆ ಅಲಿನ್‌ನಲ್ಲಿ ಟನ್‌ಗಟ್ಟಲೆ ಕಬ್ಬಿಣದ ಮಳೆ. ಒಂದೇ ಉಲ್ಕೆಯ ತುಂಡುಗಳಾದರೂ ಒಂದರಲ್ಲಿ ಗಾಳಿ ಜಾಸ್ತಿ, ಒಂದರಲ್ಲಿ ಕಡಿಮೆ. ಅಕ್ಕ ಹೇಳಿದ ಕೋಟೆಯ ಸುತ್ತುಗಳು ಈಗ ಅರ್ಥವಾಯಿತು.

ಬೆಣ್ಣೆ ಜಾಸ್ತಿ · ಬುಧವಾರ, ಮಧ್ಯಾಹ್ನ 12:20

ಕಬ್ಬಿಣದ್ದು 65 ಕೋಟಿ ಸರಿ. ಕಲ್ಲಿನ ಉಲ್ಕೆಗೂ ಇಷ್ಟೇನಾ?

ಲ್ಯಾಬ್ ತಾತ · ಬುಧವಾರ, ಮಧ್ಯಾಹ್ನ 3:00

ಇಲ್ಲ. ಕಲ್ಲಿನವು ಹೆಚ್ಚಿನವು 8 ಕೋಟಿ ವರ್ಷದೊಳಗೆ. ಕಲ್ಲು ಬೇಗ ಪುಡಿಯಾಗುತ್ತದೆ, ಕಬ್ಬಿಣ ಗುದ್ದಿಸಿಕೊಂಡೂ ಉಳಿಯುತ್ತದೆ. ಬಿಸಿಲಿನ ಶಾಖದಿಂದ ದಾರಿ ತಪ್ಪುವ ಒಂದು ಪರಿಣಾಮವೂ ಇದೆ, ಯಾರ್ಕೋವ್‌ಸ್ಕಿ ಅಂತ. ಲೋಹ ಶಾಖವನ್ನು ಬೇಗ ಹರಡಿಬಿಡುವುದರಿಂದ ಅದರ ಮೇಲೆ ಆ ತಳ್ಳಾಟ ಕಡಿಮೆ. ನಿಧಾನಕ್ಕೆ ನಮ್ಮ ಕಡೆ ಬರುತ್ತದೆ. ಮೇಷ್ಟ್ರ ಚಾರ್ಟಿನ 65 ಕೋಟಿ ಬಹುಶಃ ಮೂರು-ಎಬಿ ಎಂಬ ಗುಂಪಿನದ್ದು. ಆ ಗುಂಪಿನ ಬಹಳ ಉಲ್ಕೆಗಳಿಗೆ ಅದೇ ವಯಸ್ಸು ಬರುತ್ತದೆ. ಅಂದರೆ ಒಂದೇ ದೊಡ್ಡ ಡಿಕ್ಕಿ. ನಾಲ್ಕು-ಎ ಗುಂಪಿನವು 40 ಕೋಟಿಯ ಸುತ್ತ.

ಎಣ್ಣೆಗಾಣ · ಬುಧವಾರ, ಸಂಜೆ 6:50

ಪಾನೆಟ್ ಕಥೆ ಇತ್ತೀಚೆಗೆ ಇನ್ನೊಂದು ವೇಷದಲ್ಲಿ ಬಂದಿತ್ತು. ಮೇಷ್ಟ್ರ ಚಾರ್ಟಿನ ಮೊದಲನೇ ಸಾಲು, 450 ಕೋಟಿ, ಅದಕ್ಕೂ ಈ ಕಿರಣಕ್ಕೂ ನಂಟಿದೆ.

ಹಾಫ್ನಿಯಂ-182 ಸುಮಾರು 90 ಲಕ್ಷ ವರ್ಷದ ಅರ್ಧಾಯುವಿನಲ್ಲಿ ಟಂಗ್‌ಸ್ಟನ್-182 ಆಗುತ್ತದೆ. ಕಬ್ಬಿಣ ಒಳಗೆ ಇಳಿದಾಗ ಟಂಗ್‌ಸ್ಟನ್ ಅದರ ಜೊತೆ ಹೋಯಿತು, ಹಾಫ್ನಿಯಂ ಕಲ್ಲಿನಲ್ಲೇ ಉಳಿಯಿತು. ಲೋಹದಲ್ಲಿ ಟಂಗ್‌ಸ್ಟನ್-182 ಎಷ್ಟು ಕಡಿಮೆಯೋ ಅಷ್ಟು ಬೇಗ ಬೇರೆಯಾಗಿದೆ ಅಂತ ಲೆಕ್ಕ. ಅಳೆದರೆ ಕೆಲವು ಉಲ್ಕೆಗಳು ಸೌರಮಂಡಲದ ಮೊದಲ ಘನ ಕಣಗಳಿಗಿಂತಲೂ ಹಳೆಯವು ಅಂತ ಬಂತು. ಮಗ ಅಪ್ಪನಿಗಿಂತ ದೊಡ್ಡವ! ಕಿತಾಪತಿ ಮತ್ತೆ ಕಾಸ್ಮಿಕ್ ಕಿರಣದ್ದೇ. ಅದು ಉದುರಿಸಿದ ನ್ಯೂಟ್ರಾನ್‌ಗಳನ್ನು ಟಂಗ್‌ಸ್ಟನ್-182 ನುಂಗಿ ಕಡಿಮೆಯಾಗಿತ್ತು. ಈಗ ಅದೇ ತುಂಡಿನ ಪ್ಲಾಟಿನಂ ಎಷ್ಟು ನ್ಯೂಟ್ರಾನ್ ನುಂಗಿದೆ ಅಂತ ನೋಡಿ ತಿದ್ದುತ್ತಾರೆ. ಇಲ್ಲವೇ ಜಡಾನಿಲ ಕಡಿಮೆ ಇರುವ, ಅಂದರೆ ಕಿರಣ ಜಾಸ್ತಿ ತಾಗದ ತುಂಡು ಆರಿಸುತ್ತಾರೆ. ತಿದ್ದಿದ ಮೇಲೆ ಲೋಹದ ಒಡಲು ಸೌರಮಂಡಲ ಶುರುವಾದ ಕೆಲವೇ ದಶಲಕ್ಷ ವರ್ಷದಲ್ಲಿ ರೂಪುಗೊಂಡಿದೆ ಅಂತ ಬರುತ್ತದೆ.

ಹಾಗಾಗಿ ಎರಡನೇ ಸಾಲು ಓದದೆ ಮೊದಲನೇ ಸಾಲನ್ನು ನಂಬುವ ಹಾಗಿಲ್ಲ ಮೇಷ್ಟ್ರೇ.

ದುರ್ಗದ ಮೇಷ್ಟ್ರು · ಗುರುವಾರ, ಸಂಜೆ 4:50

ಸರಿಯಾಗಿ ಕುಟುಕಿದಿರಿ ಮೇಡಂ. ಇವತ್ತು ಹಿಂದಿನ ಬೆಂಚನ್ನು ಮುಂದೆ ಕರೆದು ಅವಳಿಂದಲೇ ಪಾಠ ಹೇಳಿಸಿದೆ. ಕೊನೆಗೆ ನನ್ನ ಕಡೆ ತಿರುಗಿ, "ಭೂಮಿಗೆ ಬಿದ್ದ ಮೇಲೆ ಗಡಿಯಾರ ನಿಲ್ಲುತ್ತಾ ಸಾರ್?" ಅಂದಳು.

ಲ್ಯಾಬ್ ತಾತ · ಗುರುವಾರ, ಸಂಜೆ 5:30

ಗಾಳಿ ಸೇರುವುದು ನಿಂತ ಹಾಗೆಯೇ. ನಮ್ಮ ತಲೆಯ ಮೇಲಿನ ವಾತಾವರಣ 10 ಮೀಟರ್ ನೀರಿನಷ್ಟು ದಪ್ಪದ ಛತ್ರಿ. ಕೆಳಗೆ ತಲುಪುವುದರಲ್ಲಿ ಹೆಚ್ಚಿನವು ಮ್ಯುಯಾನ್ ಎಂಬ ಕಣಗಳು. ಅಂಗೈ ಚಾಚಿದರೆ ನಿಮಿಷಕ್ಕೆ ನೂರರಷ್ಟು ದಾಟಿ ಹೋಗುತ್ತವೆ, ಆದರೆ ಇಂಥ ಒಡೆದಾಟಕ್ಕೆ ಅವು ಸಾಲವು. ಅವನ್ನೂ ತಪ್ಪಿಸಬೇಕು ಅಂತಲೇ ಕೋಲಾರದ ಚಿನ್ನದ ಗಣಿಯ ಆಳಕ್ಕೆ ನಮ್ಮವರು ಇಳಿದಿದ್ದು. 1965ರಲ್ಲಿ ಅಲ್ಲೇ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣ ಸಿಕ್ಕಿತು.

ಬಿದ್ದ ಮೇಲೆ ಇನ್ನೊಂದು ಗಡಿಯಾರ ಶುರು. ಕ್ಲೋರಿನ್-36 ಹೊಸದಾಗಿ ಹುಟ್ಟಲ್ಲ, ಇದ್ದದ್ದು ಸಾಯುತ್ತಾ ಹೋಗುತ್ತದೆ. ಎಷ್ಟು ಉಳಿದಿದೆ ಅಂತ ನೋಡಿದರೆ ಬಿದ್ದು ಎಷ್ಟು ಕಾಲವಾಯಿತು ಅಂತ ತಿಳಿಯುತ್ತದೆ. ಅವಳಿಗೆ ಹೇಳಿ, ಹುಟ್ಟಿದಬ್ಬ ಎರಡಲ್ಲ, ಮೂರು.

ಲೇತ್ ಅಂಗಡಿ · ಶುಕ್ರವಾರ, ರಾತ್ರಿ 8:00

ಹೊಳಲ್ಕೆರೆ ಗುಂಡು ನಮ್ಮ ಅಂಗಡಿಗೆ ಬಂದಿತ್ತು. ಕಟಿಂಗ್ ಮಿಷನ್‌ಗೆ ಕೊಟ್ಟೆ, ನೀರು ಬಿಡುತ್ತಾ ಕೊಯ್ದಿದ್ದು, ಬಿಸಿ ಮಾಡಿಲ್ಲ ತಾತಾ. ಒಳಗೆ ಜೇನುಗೂಡಿನ ಥರ ತೂತು. ಗಾಜಿನ ಥರ ಕಪ್ಪು ಹೊಳಪು. ಮಧ್ಯೆ ಒಂದು ಇದ್ದಿಲ ಚೂರೂ ಸಿಕ್ಕಿತು.

ಲ್ಯಾಬ್ ತಾತ · ಶುಕ್ರವಾರ, ರಾತ್ರಿ 8:20

ಇದ್ದಿಲು ಸಿಕ್ಕ ಮೇಲೆ ಮುಗಿಯಿತು. ಕಬ್ಬಿಣದ ಉಲ್ಕೆಯಲ್ಲಿ ಗುಳ್ಳೆ ಇರಲ್ಲ. ನಾನು ಹೇಳಿದ ಗಾಳಿಯೆಲ್ಲ ಒಂದೊಂದು ಪರಮಾಣುವಾಗಿ ಲೋಹದಲ್ಲಿ ಹುದುಗಿರುತ್ತದೆ, ಕಣ್ಣಿಗೆ ಕಾಣುವ ತೂತಾಗಿ ಅಲ್ಲ. ಇದು ಕಬ್ಬಿಣದ ಕಿಟ್ಟ. ನಿಕ್ಕಲ್ ಪರೀಕ್ಷೆಯೂ ಬೇಕಾಗಿಲ್ಲ. ನಿಜವಾದದ್ದು ಸಿಕ್ಕಿದ್ದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ತಿಳಿಸಬೇಕಿತ್ತು, ಉಲ್ಕೆಗಳ ಉಸ್ತುವಾರಿ ಅವರದ್ದು.

ಹೊಳಲ್ಕೆರೆ ಅಡಿಕೆ · ಶುಕ್ರವಾರ, ರಾತ್ರಿ 8:45

ಆಗಲಿ ಬಿಡಿ ಗುರುಗಳೇ. 20 ಸಾವಿರ ಉಳಿಯಿತು. ಒಂದು ಹೋಳು ಪಂಪ್‌ಸೆಟ್ ಮನೆಯ ಬಾಗಿಲಿಗೆ ಒತ್ತು ಕೊಟ್ಟಿದ್ದೇನೆ.

ಚಂದ್ರವಳ್ಳಿ · ಶುಕ್ರವಾರ, ರಾತ್ರಿ 8:58

ಅಣ್ಣಾ, ಆ ಹೋಳನ್ನು ಬಿಸಾಡಬೇಡಿ! ಕಿಟ್ಟ ಸಿಕ್ಕಿದೆ ಅಂದರೆ ನಿಮ್ಮ ತೋಟದಲ್ಲಿ ಯಾವ ಕಾಲದಲ್ಲೋ ಅದಿರು ಕರಗಿಸುವ ಕುಲುಮೆ ಇತ್ತು ಅಂತ. ಇದ್ದಿಲ ಚೂರನ್ನು ಕೈಯಲ್ಲಿ ಮುಟ್ಟದೆ ಹಾಗೇ ಇಡಿ. ಹೊಂಡದ ಮಣ್ಣಿನಲ್ಲಿ ಬೆರಳು ತೂರುವಷ್ಟು ತೂತಿರುವ, ಸುಟ್ಟ ಮಣ್ಣಿನ ಕೊಳವೆ ತುಂಡೇನಾದರೂ ಕಂಡಿತಾ? ತಿದಿಯಿಂದ ಗಾಳಿ ಊದುವ ಕೊಳವೆ ಅದು.

ಹೊಳಲ್ಕೆರೆ ಅಡಿಕೆ · ಶುಕ್ರವಾರ, ರಾತ್ರಿ 9:20

ಕಂಡಿತಾ ಅಂದರೆ? ಹತ್ತು ಹನ್ನೆರಡು ಇವೆ ಮೇಡಂ. ಹುಡುಗರು ದಾರ ಪೋಣಿಸಿ ಎಮ್ಮೆ ಕೊರಳಿಗೆ ಕಟ್ಟಿದ್ದಾರೆ. ಬಿಚ್ಚಿಸಿ ಇಡುತ್ತೇನೆ, ಭಾನುವಾರ ಬನ್ನಿ.